ಮೇಷ್ಟ್ರ ಮಣಿಕಟ್ಟಿನ ಎರಡು ಗೆರೆ

"ಕೈ ಕಟ್ಟಿಹಾಕಿದ್ದಾರೆ. ಅನುಮಾನವೇ ಬೇಡ."

ಡಾಕ್ಟರಮ್ಮ ರೋಗಿಯ ಅಂಗಿಯ ತೋಳನ್ನು ಮೊಣಕೈವರೆಗೆ ಸರಿಸಿ, ಹಸ್ತವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದಳು. ಇನ್ಸ್‌ಪೆಕ್ಟರ್ ಬೋಡಿಲ್ ಕ್ರೋಗ್ ಕನ್ನಡಕ ಏರಿಸಿಕೊಂಡು ಬಗ್ಗಿದಳು.

ಎಪ್ಪತ್ತೊಂದು ವರ್ಷದ ತೆಳ್ಳನೆಯ ಚರ್ಮದ ಮೇಲೆ ಹಗ್ಗದ ಗುರುತು ನೀಲಿಗಟ್ಟಿತ್ತು. ಒಂದಲ್ಲ, ಎರಡು. ಮಣಿಕಟ್ಟಿನ ಮೂಳೆಯ ಮೇಲೊಂದು, ಅದರ ಕೆಳಗೆ ಅಂಗೈಯ ಕಡೆಗೆ ಇನ್ನೊಂದು. ನಡುವೆ ಎರಡು ಬೆರಳಿನ ಅಂತರ. ಇನ್ನೊಂದು ಕೈಯಲ್ಲೂ ಅಚ್ಚು ಹಾಕಿದ ಹಾಗೆ ಅದೇ ಎರಡು ಗೆರೆ.

"ಮಂಗಳವಾರವೇ ಯಾಕೆ ಹೇಳ್ಲಿಲ್ಲ?"

"ಮಂಗಳವಾರ ಇವರ ಉಸಿರು ಉಳಿಸೋದೇ ಕಷ್ಟವಾಗಿತ್ತು. ನೀಲಿ ಏರೋಕೂ ಒಂದೆರಡು ದಿನ ಬೇಕಲ್ಲ."

ಹಾಸಿಗೆಯಲ್ಲಿದ್ದ ಐನಾರ್ ಲಿಂಡ್‌ಹೋಲ್ಮ್ ಕೆಮ್ಮಿದರು. ಊರಿನ ಶಾಲೆಯಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವರು. ಎಲ್ವರುಪ್‌ನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ಮೇಷ್ಟ್ರು.

"ನನ್ನ ಯಾರೂ ಕಟ್ಟಿಹಾಕಿಲ್ಲಮ್ಮ," ಎಂದರು. ಗಂಟಲು ಇನ್ನೂ ಮರಳು ಮರಳು. "ರಸ ಎಷ್ಟು ಉಕ್ಕಿದೆ ಅಂತ ನೋಡೋಕೆ ಒಳಗೆ ಹೋದೆ. ಮಂಡಿ ಬಟ್ಟೆ ಥರ ಮಡಚಿಕೊಳ್ತು. ಆಮೇಲೆ ಕಣ್ಣು ಬಿಟ್ಟರೆ ಮೇಲೆ ಆಕ್ರೋಟ ಮರದ ಹಳದಿ ಎಲೆ, ಅದರ ಮೇಲೆ ಆಕಾಶ. ಅಷ್ಟೇ ಗೊತ್ತು."

ಅಷ್ಟೇ ಪೊಲೀಸರಿಗೂ ಗೊತ್ತಿದ್ದದ್ದು. ಮಂಗಳವಾರ ಬೆಳಿಗ್ಗೆ ಮೇಷ್ಟ್ರ ಹುದುಗಿನ ಕೋಣೆಯಲ್ಲಿ ಯಾರೋ ಗಾಳಿ ಎಳೆಯುವ ಫ್ಯಾನು ಆರಿಸಿದ್ದರು, ಗೋಡೆಯ ಮೇಲಿನ ಎಚ್ಚರಿಕೆ ಯಂತ್ರದ ಬ್ಯಾಟರಿ ಕಿತ್ತಿದ್ದರು. ದ್ರಾಕ್ಷಿರಸ ಹುದುಗುವಾಗ ಬಿಡುವ ವಿಷಗಾಳಿ ಕೋಣೆ ತುಂಬಿತ್ತು. ಇನ್ನಾರೋ ಬಂದು ಮೇಷ್ಟ್ರನ್ನು ಮೂವತ್ತು ಹೆಜ್ಜೆ ಹೊರಕ್ಕೆಳೆದು, ಮರದ ಕೆಳಗೆ ಮಗ್ಗುಲಾಗಿ ಮಲಗಿಸಿ, ಹೆಸರು ಹೇಳದೆ ಮಾಯವಾಗಿದ್ದರು.

"ಬೋಡಿಲ್, ಫ್ಯಾನ್ ಆರಿಸಿದವನನ್ನ ಹುಡುಕೋದು ನಿಮ್ಮ ಕೆಲಸ, ಬೇಡ ಅನ್ನಲ್ಲ," ಎಂದರು ಮೇಷ್ಟ್ರು. "ಆದ್ರೆ ಮೊದಲು ನನ್ನ ಎಳೆದವರನ್ನ ಹುಡುಕಿಕೊಡಿ. ಅವರಿಗೊಂದು ಥ್ಯಾಂಕ್ಸ್ ಹೇಳ್ಬೇಕು. ಇನ್ನೊಬ್ಬನಿಗೆ ಹೇಳೋದು ನನ್ನ ಹತ್ರ ಏನೂ ಇಲ್ಲ. ಅವನು ಕಾಯ್ಲಿ."

ಬೋಡಿಲ್‌ಳ ಹೆಬ್ಬೆರಳು ಮುದುಕನ ಮಣಿಕಟ್ಟಿನ ಮೇಲೆ, ಎರಡು ಗೆರೆಗಳ ನಡುವಿನ ಬಿಳಿ ಜಾಗದಲ್ಲಿ ನಿಂತಿತ್ತು. ಈ ಅಂತರ ಅವಳಿಗೆ ಗೊತ್ತಿತ್ತು. ಎಲ್ಲಿ ನೋಡಿದ್ದೆ?

ಥಟ್ಟನೆ ನೆನಪಾಯಿತು. ಪಶ್ಚಿಮ ಜಟ್‌ಲ್ಯಾಂಡಿನ ತವರುಮನೆಯ ಕೊಟ್ಟಿಗೆ, ಒದ್ದೆ ಹುಲ್ಲಿನ ವಾಸನೆ, ಅಪ್ಪನ ಕೆಂಪು ಕೈ. "ಗೆಣ್ಣಿನ ಮೇಲೊಂದು ಕುಣಿಕೆ, ಕೆಳಗೊಂದು ಕುಣಿಕೆ ಹಾಕು ಮಗಾ. ಒಂದೇ ಕಡೆ ಎಳೆದ್ರೆ ಎಳೇ ಎಲುಬು ಮುರಿದುಹೋಗುತ್ತೆ."

"ಡಾಕ್ಟ್ರೇ," ಎಂದಳು ಬೋಡಿಲ್. ಮೂರು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು. "ಇದು ಕಟ್ಟಿಹಾಕಿದ್ದಲ್ಲ. ಹೆರಿಗೆ ಮಾಡಿಸಿದ್ದು."

"ಏನಂದ್ರಿ?"

"ಹಸು ಕರು ಹಾಕೋಕೆ ಒದ್ದಾಡುವಾಗ ಕರುವಿನ ಕಾಲಿಗೆ ಹೀಗೇ ಹಗ್ಗ ಹಾಕಿ ಎಳೀತಾರೆ. ಎರಡು ಕುಣಿಕೆ. ನೋವಾಗಬಾರದು ಅಂತ." ಅವಳು ಹಾಸಿಗೆಯ ಕಡೆ ತಿರುಗಿದಳು. "ಮೇಷ್ಟ್ರೇ, ಎಲ್ವರುಪ್‌ನಲ್ಲಿ ಈಗ ಹಸು ಕಟ್ಟಿರೋರು ಯಾರು?"

ಐನಾರ್ ಮುಖ ಮುಚ್ಚಿದ ಬಾಗಿಲಿನಂತಾಯಿತು.

"ಒಬ್ಬನೇ. ತೋರ್ಕಿಲ್ ಬುಸ್ಕ್." ಹೊದಿಕೆ ಎಳೆದುಕೊಂಡು ಸೇರಿಸಿದರು, "ಅವನಲ್ಲ ಬಿಡಿ. ತೋರ್ಕಿಲ್ ನನ್ನ ಎಳೆಯೋದಾದ್ರೆ ಹೊರಕ್ಕಲ್ಲ, ಒಳಕ್ಕೆ ಎಳೀತಾನೆ."

ಆಸ್ಪತ್ರೆಯ ಪಡಸಾಲೆಯಲ್ಲಿ ಬೋಡಿಲ್ ಹೂವಿನ ಬಕೆಟ್ಟುಗಳನ್ನು ದಾಟಿಕೊಂಡೇ ಹೊರಗೆ ಬರಬೇಕಾಯಿತು. ಹೂವಷ್ಟೇ ಅಲ್ಲ, ಪ್ಲಮ್ ಹಣ್ಣಿನ ಜಾಮು, ರೈ ಬ್ರೆಡ್ಡು, ಉಣ್ಣೆಯ ಕಾಲುಚೀಲ. ಊರಂಚಿನ ಸಮುದ್ರ ಖಾರಿಯ ಸುತ್ತಮುತ್ತ ಇಪ್ಪತ್ತೊಂದು ದ್ರಾಕ್ಷಿ ತೋಟಗಳಿದ್ದವು, ಇಪ್ಪತ್ತೊಂದು ಮನೆಯವರೂ ಬಂದುಹೋಗಿದ್ದರು.

ಅವರ ಕೃತಜ್ಞತೆಗೆ ಕಾರಣವಿತ್ತು. ಮೂವತ್ತು ವರ್ಷದ ಹಿಂದೆ ಐನಾರ್ ಮೇಷ್ಟ್ರು ಹಂದಿ ಸಾಕಣೆಯ ಹಳೇ ಜಾಗ ಕೊಂಡು, ದಕ್ಷಿಣಕ್ಕೆ ಮುಖ ಮಾಡಿದ ದಿಬ್ಬದಲ್ಲಿ ಅರವತ್ತು ಬಳ್ಳಿ ನೆಟ್ಟಾಗ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಡೆನ್ಮಾರ್ಕಿನಲ್ಲಿ ಆಗ ವೈನ್ ಮಾಡಿ ಮಾರಲು ಪರವಾನಗಿಯೇ ಇರಲಿಲ್ಲ. "ಮೇಷ್ಟ್ರು ವಿನೆಗರ್ ಕಾರ್ಖಾನೆ ಹಾಕ್ತಾರಂತೆ, ಉಪ್ಪಿನಕಾಯಿ ಸೌತೆ ಬೆಳೀರಪ್ಪಾ" ಎಂದು ಹೋಟೆಲಿನಲ್ಲಿ ಕುಹಕ. ಎರಡು ಚಳಿಗಾಲಕ್ಕೆ ಅರವತ್ತರಲ್ಲಿ ನಲವತ್ತು ಸತ್ತವು. ಉಳಿದ ಇಪ್ಪತ್ತನ್ನು ಅವರು ಬಿಡಲಿಲ್ಲ. ಚಳಿ ತಡೆಯುವ ಹೊಸ ತಳಿ ಜರ್ಮನಿಯಿಂದ ಬಂತು, ಪರವಾನಗಿ ಬಂತು, ಬೇಸಿಗೆಗಳೂ ಬರಬರುತ್ತಾ ಉದ್ದವಾದವು. ನಕ್ಕವರೇ ಒಬ್ಬೊಬ್ಬರಾಗಿ ಟೋಪಿ ಕೈಯಲ್ಲಿ ಹಿಡಿದು ಬಂದರು. ಮೇಷ್ಟ್ರು ಯಾರಿಗೂ ಹಳೆಯದನ್ನು ನೆನಪಿಸಲಿಲ್ಲ. ಅಡುಗೆಮನೆಯ ಮೇಜಿಗೆ ಕೂರಿಸಿ, ಕಾಫಿ ಕೊಟ್ಟು, ಬಳ್ಳಿ ಕತ್ತರಿಸುವುದು ಹೇಗೆ, ರಸ ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು ಎಂದು ಹೇಳಿಕೊಟ್ಟು ಕಳಿಸಿದರು.

ತೋರ್ಕಿಲ್ ಒಬ್ಬ ಬರಲಿಲ್ಲ.

ಬರುವುದಿರಲಿ, ಆರು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಅವನು ಬಾರ್ಲಿ ಗದ್ದೆಗೆ ಹೊಡೆದ ಕಳೆನಾಶಕ ಪಡುವಣ ಗಾಳಿಯಲ್ಲಿ ತೇಲಿ ಮೇಷ್ಟ್ರ ತೋಟಕ್ಕೆ ಬಿತ್ತು. ಎಲೆಗಳೆಲ್ಲ ಸುಟ್ಟ ಬೆರಳಿನಂತೆ ಮುದುಡಿದವು. ಆ ವರ್ಷ ಒಂದು ಬಾಟಲಿಯೂ ತುಂಬಲಿಲ್ಲ. ತಪ್ಪಾಯ್ತು ಎಂದು ಅವನು ಹೇಳಲಿಲ್ಲ, ಹೇಳು ಎಂದು ಇವರು ಕೇಳಲಿಲ್ಲ. ಅಂದಿನಿಂದ ಎಣ್ಣೆ ಸೀಗೇಕಾಯಿ.

ಬೋಡಿಲ್ ಮೊದಲು ಮೇಷ್ಟ್ರ ಮನೆಗೆ ಹೋದಳು. ಹುದುಗಿನ ಕೋಣೆಯನ್ನು ಮತ್ತೊಮ್ಮೆ ನೋಡಬೇಕಿತ್ತು. ಹಳೇ ಹಂದಿಗೂಡಿನ ಒಂದು ಮೂಲೆ ಅದು, ನೆಲಮಟ್ಟಕ್ಕಿಂತ ನಾಲ್ಕು ಮೆಟ್ಟಿಲು ಕೆಳಗೆ. ಈಗ ಫ್ಯಾನು ಗುಂಯ್‌ಗುಡುತ್ತಿತ್ತು. ಉಕ್ಕಿನ ಪೀಪಾಯಿಗಳ ಒಳಗೆ ರಸ ಗುಳುಗುಳು ಮಾತಾಡುತ್ತಿತ್ತು. ಯಜಮಾನ ಆಸ್ಪತ್ರೆಯಲ್ಲಿದ್ದರೂ ಹುದುಗು ನಿಂತಿರಲಿಲ್ಲ. ಮೂರು ತೋಟದವರು ಸರದಿ ಹಾಕಿಕೊಂಡು ಬಂದು ನೋಡಿಕೊಳ್ಳುತ್ತಿದ್ದರು.

ಬಾಗಿಲ ಹೊರಗಿನ ಸ್ವಿಚ್ಚಿನ ಡಬ್ಬಿ ಅವಳನ್ನು ಇಂದೂ ಕಾಡಿತು. ಅದರ ಮೇಲೆ ಬೆರಳಚ್ಚು ಇರಲಿಲ್ಲ. ಯಾರದೂ ಇರಲಿಲ್ಲ. ದಿನಕ್ಕೆ ಹತ್ತು ಸಲ ಅದನ್ನು ಮುಟ್ಟುವ ಮೇಷ್ಟ್ರದೂ ಇರಲಿಲ್ಲ. ಬಟ್ಟೆಯಲ್ಲಿ ಒರೆಸಿದ್ದರು. ಕೋಪದಲ್ಲಿ ಫ್ಯಾನು ಆರಿಸಿ ಓಡುವವನು ಒರೆಸುತ್ತಾ ನಿಲ್ಲುವುದಿಲ್ಲ.

"ಇನ್ನೂ ಈ ಡಬ್ಬೀನೇ ನೋಡ್ತಿದ್ದೀರಾ ಇನ್ಸ್‌ಪೆಕ್ಟರ್?"

ಹೋಲ್ಗರ್ ಕಾಫಿ ಫ್ಲಾಸ್ಕು, ದಾಲ್ಚಿನ್ನಿ ಬನ್ನು ಹಿಡಿದು ನಿಂತಿದ್ದ. ಮೇಷ್ಟ್ರ ಹೆಂಡತಿ ಗ್ರೇಥೆಯ ಅಣ್ಣ. ಆಗಸ್ಟಿನಲ್ಲಿ ಕೊಯ್ಲಿಗೆ ಕೈಜೋಡಿಸಲು ಬಂದವನು ಇಲ್ಲೇ ಉಳಿದಿದ್ದ. ಮಂಗಳವಾರದಿಂದ ಮನೆಯ ಭಾರವೆಲ್ಲ ಅವನ ಮೇಲೆ. ಗೂಡಿನ ಹಿಂಬದಿಯ ಮಣ್ಣಿನಲ್ಲಿ ಟ್ರಾಕ್ಟರಿನ ಗುರುತು ಇರುವುದನ್ನು ಮೊದಲು ತೋರಿಸಿದವನೂ ಅವನೇ.

"ಆ ತೋರ್ಕಿಲ್‌ನ ಇನ್ನೂ ಯಾಕೆ ಹೊರಗೆ ಬಿಟ್ಟಿದ್ದೀರಿ?"

"ಅಲ್ಲಿಗೇ ಹೊರಟಿದ್ದೀನಿ. ಆದ್ರೆ ನೀವಂದುಕೊಂಡ ಕಾರಣಕ್ಕಲ್ಲ," ಎಂದಳು ಬೋಡಿಲ್, ಬನ್ನು ಮುರಿಯುತ್ತಾ.

ಅಡುಗೆಮನೆಯಲ್ಲಿ ಗ್ರೇಥೆ ಕೋಳಿ ಸೂಪಿಗೆ ಕ್ಯಾರೆಟ್ ಹೆಚ್ಚುತ್ತಿದ್ದಳು. ಎಳೆದವರು ಯಾರೆಂದು ಬಹುಶಃ ಗೊತ್ತಾಗಿದೆ ಎಂದು ಬೋಡಿಲ್ ಹೇಳಿದಾಗ ಆಕೆ ಚಾಕು ಕೆಳಗಿಟ್ಟು ಅವಳ ಎರಡೂ ಕೈ ಹಿಡಿದುಕೊಂಡಳು.

"ಯಾರೇ ಆಗಿರ್ಲಿ, ಗೊತ್ತಾದ ಕೂಡ್ಲೇ ಫೋನ್ ಮಾಡಿ. ನಾನು ಓಡಿ ಬರ್ತೀನಿ. ಆ ಮನುಷ್ಯನ ಕೈಗೆ ನಾನು ಮುತ್ತು ಕೊಡ್ಬೇಕು."

ತೋರ್ಕಿಲ್ ಬುಸ್ಕ್ ಕೊಟ್ಟಿಗೆಯಲ್ಲಿ ಹುಲ್ಲು ಹರಡುತ್ತಿದ್ದ. ಬಾಗಿಲಷ್ಟೇ ಅಗಲದ ಮನುಷ್ಯ. ಹನ್ನೊಂದು ಹಸುಗಳು ಒಟ್ಟಿಗೆ ತಲೆಯೆತ್ತಿ ಪೊಲೀಸಿನವಳನ್ನು ನೋಡಿದವು. ಅವನು ನೋಡಲಿಲ್ಲ.

"ಬೂಟು ಒರೆಸ್ಕೊಂಡು ಬಾ. ನನ್ನ ಹಸುಗಳು ಸರ್ಕಾರಿ ಕೆಸರು ತುಳಿಯಲ್ಲ."

ಬೋಡಿಲ್ ಒರೆಸಿಕೊಂಡೇ ಒಳಗೆ ಬಂದಳು. "ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಇಲ್ಲೇ."

"ಟ್ರಾಕ್ಟರು?"

"ಅದೂ ಇಲ್ಲೇ. ನನ್ನ ಬಿಟ್ಟು ಒಂಟಿಯಾಗಿ ತಿರುಗೋ ಚಾಳಿ ಅದಕ್ಕಿಲ್ಲ."

"ಅದರ ಟೈರಿನ ಗುರುತು ಮೇಷ್ಟ್ರ ಗೂಡಿನ ಹಿಂದೆ ಇದೆ."

"ಊರಲ್ಲಿ ಅಂಥ ಟೈರು ಹತ್ತು ಟ್ರಾಕ್ಟರಿಗಿದೆ. ಹತ್ತು ಜನಕ್ಕೂ ಹೋಗಿ ಕೇಳು. ನಂಗೆ ಕೆಲಸ ಇದೆ."

ಗೋಡೆಯ ಮೊಳೆಗೆ ಬಿಳಿ ಹಗ್ಗವೊಂದು ನೇತಾಡುತ್ತಿತ್ತು. ಬೋಡಿಲ್ ಅದನ್ನು ತೆಗೆದುಕೊಂಡಳು. ಹಳೆಯ ಹಗ್ಗ, ಬಳಸಿ ಬಳಸಿ ಮೆತ್ತಗಾದದ್ದು. ಅವಳು ತನ್ನ ಎರಡೂ ಕೈ ಮುಂದೆ ಚಾಚಿದಳು.

"ನಾನು ಹಾಲಿನವರ ಮನೆ ಮಗಳು. ನಮ್ಮಪ್ಪ ಕಟ್ಟೋ ಕುಣಿಕೆ ನಂಗೆ ಮರೆತೇಹೋಗಿದೆ. ಸ್ವಲ್ಪ ಕಟ್ಟಿ ತೋರಿಸ್ತೀರಾ?"

"ಪೊಲೀಸ್‌ಗೆ ಕರು ಎಳೆಯೋ ಪಾಠ ಬೇರೆ," ಎಂದು ಗೊಣಗಿದ ತೋರ್ಕಿಲ್. ಆದರೆ ನಲವತ್ತು ವರ್ಷದ ಅಭ್ಯಾಸ ಯಾರ ಮಾತೂ ಕೇಳುವುದಿಲ್ಲ. ಅವನ ದಪ್ಪ ಬೆರಳುಗಳು ಹಗ್ಗ ಹಿಡಿದವು. ಮಣಿಕಟ್ಟಿನ ಮೇಲೊಂದು ಸುತ್ತು, ತಿರುವು, ಕೆಳಗೊಂದು ಸುತ್ತು. ಎರಡನೆಯದನ್ನು ಬಿಗಿಯುವಾಗ ಅವನ ಕೈ ನಿಂತಿತು.

ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಅರಿವಾಗಿತ್ತು.

"ನಡುವೆ ಎರಡು ಬೆರಳು," ಎಂದಳು ಬೋಡಿಲ್ ಮೆಲ್ಲಗೆ. "ಮೇಷ್ಟ್ರ ಕೈಯಲ್ಲಿ ಇದೇ ಅಳತೆ ಇದೆ, ತೋರ್ಕಿಲ್."

ಹಸುವೊಂದು ಮೂತಿ ಕೊಡವಿತು. ತೋರ್ಕಿಲ್ ಹಗ್ಗ ಬಿಚ್ಚಲೂ ಇಲ್ಲ, ಬಿಗಿಯಲೂ ಇಲ್ಲ.

"ನಾನು ಫ್ಯಾನ್ ಮುಟ್ಟಿಲ್ಲ."

"ಫ್ಯಾನ್ ಬಗ್ಗೆ ನಾನು ಕೇಳ್ಲಿಲ್ಲ."

"ಕೇಳ್ತೀಯ. ಎಲ್ಲರೂ ಅದನ್ನೇ ಕೇಳ್ತಾರೆ. ಆರು ವರ್ಷ ಮಾತಿಲ್ಲ ಕತೆಯಿಲ್ಲ, ಬೆಳ್ಳಂಬೆಳಿಗ್ಗೆ ಅವನ ಮನೆ ಹಿತ್ತಿಲಲ್ಲಿ ನಿನಗೇನು ಕೆಲಸ ಅಂತ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

"ಸರಿ, ಕೇಳ್ತೀನಿ. ಏನು ಕೆಲಸ ಇತ್ತು?"

ಅವನು ಹಸುಗಳ ಕಡೆ ಮುಖ ತಿರುಗಿಸಿದ.

"ನೋಡಿ, ನಾನೊಬ್ಬಳೇ ಇದನ್ನ ನಂಬ್ಕೊಂಡು ಬಂದಿದ್ದೀನಿ," ಅವಳ ಧ್ವನಿ ಗಟ್ಟಿಯಾಯಿತು. "ನಮ್ಮ ಆಫೀಸಿನಲ್ಲಿ ಬೇರೆ ಥರ ಹೇಳ್ತಾರೆ. ಆರಿಸಿದ್ದೂ ನೀವೇ, ಆಮೇಲೆ ಹೆದರಿ ಎಳೆದದ್ದೂ ನೀವೇ ಅಂತಾರೆ. ಅದನ್ನ ಸುಳ್ಳು ಮಾಡೋಕೆ ನಂಗೆ ಒಂದು ಕಾರಣ ಬೇಕು. ಇವತ್ತೇ ಬೇಕು."

ತೋರ್ಕಿಲ್‌ನ ಕತ್ತು ಕೆಂಪಾಯಿತು. ಅವಳ ಕೈಯಿಂದ ಹಗ್ಗ ಬಿಚ್ಚಿ ಮೊಳೆಗೆ ಹಾಕಿದ.

"ಬಾ," ಎಂದ. "ನಕ್ಕರೆ ಮಾತ್ರ ಸುಮ್ನಿರಲ್ಲ."

ಕೊಟ್ಟಿಗೆಯ ಹಿಂದೆ, ಮೇವಿನ ರಾಶಿ ದಾಟಿ, ರಸ್ತೆಗೆ ಕಾಣದಂತೆ ಬೆಳೆದ ಪೊದೆಬೇಲಿಯ ಆಚೆ ಅವನು ಅವಳನ್ನು ಕರೆದುಕೊಂಡು ಹೋದ. ಅಲ್ಲಿ, ಇಟ್ಟಿಗೆ ಗೋಡೆಯ ಬಿಸಿಲಿಗೆ ಬೆನ್ನು ಕೊಟ್ಟು, ಮೂರು ಸಾಲು ದ್ರಾಕ್ಷಿ ಬಳ್ಳಿ ನಿಂತಿತ್ತು. ನಲವತ್ತೆರಡು. ಬೇಲಿಗೆ ಬಳಸುವ ತಂತಿಯಲ್ಲಿ ನೀಟಾಗಿ ಕಟ್ಟಿದ್ದ. ಕಬ್ಬಕ್ಕಿ ಹಿಂಡು ಬಂದು ಹಣ್ಣು ಕುಕ್ಕದಂತೆ ಮೀನಿನ ಹಳೇ ಬಲೆ ಹೊದಿಸಿದ್ದ. ಒಂದೆರಡು ಸಾಲಿನಲ್ಲಿ ಗೊಂಚಲು ಇನ್ನೂ ಉಳಿದಿದ್ದವು.

ಬೋಡಿಲ್ ನಗಲಿಲ್ಲ.

"ನನ್ನ ಹೆಂಡ್ತಿ ಇಂಗರ್ ತೀರಿಕೊಂಡ ಮಾರ್ಚಿನಲ್ಲಿ, ಐದು ವರ್ಷ ಆಯ್ತು," ತೋರ್ಕಿಲ್ ಬಳ್ಳಿಯ ಕಡೆ ನೋಡಿಕೊಂಡೇ ಹೇಳಿದ, "ನಂಗೆ ಏಳೋದೇ ಬೇಡ ಅನ್ನಿಸ್ತಿತ್ತು. ಹಸುಗಳು ಕೂಗಿದ್ರೆ ಎದ್ದು ಹಾಲು ಕರೆದು ಮತ್ತೆ ಮಲಗ್ತಿದ್ದೆ. ಒಂದಿನ ರಸ್ತೇಲಿ ಹೋಗ್ತಾ ನೋಡಿದೆ, ಮೇಷ್ಟ್ರು ಬಳ್ಳಿ ಕತ್ತರಿಸಿ ಕಡ್ಡಿ ರಾಶಿ ಹಾಕಿದ್ರು, ಸುಡೋಕೆ. ಒಂದು ಹಿಡಿ ಎತ್ಕೊಂಡು ಬಂದೆ. ಕದ್ದೆ ಅಂತಾನೇ ಅನ್ನು. ಯಾಕೆ ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ. ಮಣ್ಣಿಗೆ ಚುಚ್ಚಿದೆ. ಮೇ ತಿಂಗಳಲ್ಲಿ ಚಿಗುರು ಬಂತು."

"ಯಾರಿಗೂ ಹೇಳ್ಲಿಲ್ವಾ?"

"ಮೂವತ್ತು ವರ್ಷ ವಿನೆಗರ್ ಅಂತ ಕೂಗಿದೋನು ನಾನು! ಎಲ್ಲರಿಗಿಂತ ಜೋರಾಗಿ ಕೂಗಿದೋನು. ಮೇಲಿಂದ ಅವರ ಒಂದು ವರ್ಷದ ಬೆಳೆ ಹಾಳು ಮಾಡಿದೋನು. ಯಾವ ಮುಖ ಇಟ್ಕೊಂಡು ಹೋಗಿ ಕೇಳ್ಲಿ, ರಸ ಹುದುಗಿಸೋದು ಹೆಂಗೆ ಮೇಷ್ಟ್ರೇ ಅಂತ?" ಅವನು ಅಂಗೈಯಿಂದ ಮೂಗು ಒರೆಸಿಕೊಂಡ. "ಅದಕ್ಕೇ ಹಿಂದಿನ ಸಣ್ಣ ಕಿಟಕೀಲಿ ನಿಂತು ನೋಡ್ತಿದ್ದೆ. ವಾರಕ್ಕೆರಡು ಸಲ. ಅವರು ಏನು ಹಾಕ್ತಾರೆ, ಎಷ್ಟು ಹೊತ್ತು ಕಲಕ್ತಾರೆ ಅಂತ. ಮನೆಗೆ ಬಂದು ಬಕೆಟಲ್ಲಿ ಹಂಗೇ ಮಾಡೋದು. ಹೋದ ವರ್ಷದ್ದು ಕುಡಿಯೋ ಹಂಗಿತ್ತು. ಕುಡಿದು ಅತ್ತೆ, ಕೇಳಿಸ್ಕೋ. ಅವರು ನಂಗೆ ಬೆಳಿಗ್ಗೆ ಏಳೋಕೆ ಒಂದು ಕೆಲಸ ಕೊಟ್ರು. ಅವರಿಗೆ ಗೊತ್ತೂ ಇಲ್ಲ."

"ಮಂಗಳವಾರವೂ ಕಿಟಕೀಲಿ ನಿಂತಿದ್ರಿ."

"ನಿಂತಿದ್ದೆ. ಒಳಗೆ ಬಂದ್ರು, ಎರಡು ಹೆಜ್ಜೆ ಇಟ್ರು, ಹಂಗೇ ಕುಸಿದ್ರು. ಮೊದಲು ಉಸಿರು ಹಿಡ್ಕೊಂಡು ಇಳಿದೆ, ತಲೆ ತಿರುಗಿ ವಾಪಸ್ ಬಂದೆ. ಎರಡನೇ ಸಲಾನೂ ಆಗ್ಲಿಲ್ಲ, ಭಾರ. ಟ್ರಾಕ್ಟರಲ್ಲಿ ಹಗ್ಗ ಇತ್ತು. ಮೂರನೇ ಸಲ ಕೈಗೆ ಕುಣಿಕೆ ಹಾಕಿ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಎಳೆದೆ." ಅವನು ತನ್ನ ಕೈಗಳನ್ನು ನೋಡಿಕೊಂಡ. "ಮರದ ಕೆಳಗೆ ಮಲಗಿಸ್ದೆ. ಉಸಿರು ಆಡ್ತಿತ್ತು. ಅಂಬುಲೆನ್ಸ್ ಸದ್ದು ಆಗ್ಲೇ ಹತ್ತಿರ ಬಂದಿತ್ತು. ಕಣ್ಣು ಬಿಟ್ಟ ತಕ್ಷಣ ನನ್ನ ಮುಖ ನೋಡಿದ್ರೆ ಮತ್ತೆ ಪ್ರಾಣ ಬಿಟ್ಟಾರು ಅಂತ ಹೊರಟುಬಂದೆ."

ಬೋಡಿಲ್ ಈ ಸಲ ನಕ್ಕಳು. ನಗುವಿನ ಜೊತೆ ಕಣ್ಣೂ ತೇವವಾಯಿತು. ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಕೆಟ್ಟದ್ದು ಮಾಡಿ ಬಚ್ಚಿಡುವವರನ್ನೇ ನೋಡಿದ್ದಳು. ಒಳ್ಳೆಯದು ಮಾಡಿ ಬಚ್ಚಿಟ್ಟವನನ್ನು ನೋಡಿದ್ದು ಇವತ್ತು. ಕುಣಿಕೆ ಹಾಕುವುದನ್ನು ಕಲಿಸಿದ ಅಪ್ಪನನ್ನು ಮನಸ್ಸಿನಲ್ಲೇ ನೆನೆದಳು.

ಅವಳು ಗ್ರೇಥೆಗೆ ಫೋನ್ ಮಾಡಿದಳು.

ಅರ್ಧ ಗಂಟೆ ಕಳೆದು ಗ್ರೇಥೆ ಸೈಕಲ್ಲಿನಲ್ಲಿ ಬಂದಳು. ಮುಂದಿನ ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ಸೇಬಿನ ಕೇಕು. ಸೈಕಲ್ಲನ್ನು ಗೋಡೆಗೆ ಒರಗಿಸಲೂ ಇಲ್ಲ, ಅದು ನೆಲಕ್ಕೆ ಬಿತ್ತು. ನೇರ ತೋರ್ಕಿಲ್‌ನ ಬಳಿ ಹೋಗಿ, ಸೆಗಣಿ ಮೆತ್ತಿದ ಅವನ ಕೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

"ಬೇಡ ಗ್ರೇಥೆ, ಕೈ ಗಲೀಜಾಗಿದೆ," ಎಂದ ಆ ದೊಡ್ಡ ಮನುಷ್ಯ, ಎಳೆ ಹುಡುಗನಂತೆ ನಾಚಿಕೊಂಡು.

"ಸುಮ್ನಿರು. ಈ ಕೈ ಗಲೀಜಾದ್ರೆ ಲೋಕದಲ್ಲಿ ಯಾವ ಕೈಯೂ ಚೊಕ್ಕಟ ಇಲ್ಲ." ಆಕೆ ಅಳುತ್ತಲೇ ಬಳ್ಳಿಗಳನ್ನು ನೋಡಿದಳು, ಅಳುತ್ತಲೇ ನಕ್ಕಳು. "ಐನಾರ್‌ಗೆ ಗೊತ್ತಿತ್ತು ಕಣೋ. ‘ಕಿಟಕಿ ಹೊರಗೆ ಒಬ್ಬ ವಿದ್ಯಾರ್ಥಿ ನಿಂತಿರ್ತಾನೆ, ಅದಕ್ಕೇ ನಾನು ಎಲ್ಲ ನಿಧಾನ ಮಾಡ್ತೀನಿ, ಅವನಿಗೆ ಕಾಣ್ಲಿ ಅಂತ’ ಅಂತಿದ್ರು. ಯಾರು ಅಂದ್ರೆ ಹೇಳ್ತಿರ್ಲಿಲ್ಲ."

ತೋರ್ಕಿಲ್ ಹುಲ್ಲಿನ ಪಿಂಡಿಯ ಮೇಲೆ ಕುಸಿದು ಕೂತ.

ಮೂವರೂ ಅಲ್ಲೇ ಬಿಸಿಲಿನಲ್ಲಿ ಕೂತರು. ಕೇಕು ಕತ್ತರಿಸಿದ್ದಾಯಿತು. ತೋರ್ಕಿಲ್ ಒಳಗಿನಿಂದ ಲೇಬಲ್ಲಿಲ್ಲದ ಬಾಟಲಿ, ಮೂರು ಕಾಫಿ ಕಪ್ಪು ತಂದು, ಪರೀಕ್ಷೆ ಬರೆದವನ ಮುಖ ಮಾಡಿಕೊಂಡು ಸುರಿದ. ಬೋಡಿಲ್ ನಾಲಿಗೆಗೆ ಮುಟ್ಟಿಸಿದಳು. ಹಸಿರು ಸೇಬಿನ ಹುಳಿ, ಹಿಂದೆ ಸ್ವಲ್ಪ ಜೇನು. ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು.

"ಎಲ್ಲ ಹೇಳು," ಎಂದಳು ಗ್ರೇಥೆ. "ಮೊದಲಿಂದ ಹೇಳು. ಅವರು ಕೊನೇ ಸಲ ಹೇಗಿದ್ರು, ಬೀಳೋ ಮೊದಲು?"

"ಖುಷಿಯಾಗಿದ್ರು," ಎಂದ ತೋರ್ಕಿಲ್. "ದಿಬ್ಬದ ಕಡೆಯಿಂದ ಬಂದ್ರು, ಕೈಯಲ್ಲೊಂದು ಗೊಂಚಲು ಹಿಡ್ಕೊಂಡು. ಶಿಳ್ಳೆ ಹಾಕ್ತಿದ್ರು. ಆಗಷ್ಟೇ ಚರ್ಚಿನ ಗಂಟೆ ಎಂಟು ಹೊಡೆಯೋಕೆ ಶುರುವಾಗಿತ್ತು, ಶಿಳ್ಳೇನ ಆ ಗಂಟೆಗೆ ಸೇರಿಸ್ಕೊಂಡು ಅಂಗಳ ದಾಟಿದ್ರು."

ಬೋಡಿಲ್ ಎಂಟು ಎಂದು ಬರೆದುಕೊಂಡಳು. ಪೆನ್ನು ಅಲ್ಲೇ ನಿಂತಿತು.

"ಎಂಟೇನಾ?"

"ಎಂಟೇ. ನಲವತ್ತು ವರ್ಷದಿಂದ ಆ ಗಂಟೆ ಕೇಳಿ ಹಾಲಿನ ಕ್ಯಾನು ತೊಳೀತೀನಿ. ತಪ್ಪೋ ಮಾತೇ ಇಲ್ಲ."

ಅವಳು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಮಂಗಳವಾರದ ಮೊದಲ ಹಾಳೆ. ಗ್ರೇಥೆಯ ಹೇಳಿಕೆ: ಗಂಡ ಮರದ ಕೆಳಗೆ ಬಿದ್ದಿದ್ದು ಕಂಡು ಅಂಬುಲೆನ್ಸ್ ಕರೆದೆ. ಅದರ ಕೆಳಗೆ ತುರ್ತು ಕರೆಯ ದಾಖಲೆ. ‘ನನ್ನ ಗಂಡ ಬಿದ್ದಿದ್ದಾರೆ, ಬೇಗ ಬನ್ನಿ.’ ಕರೆ ಬಂದ ಸಮಯ ಏಳು ಐವತ್ತೊಂದು.

ಐನಾರ್ ಮೇಷ್ಟ್ರು ಶಿಳ್ಳೆ ಹಾಕುತ್ತಾ ಅಂಗಳ ದಾಟುವುದಕ್ಕೆ ಒಂಬತ್ತು ನಿಮಿಷ ಮೊದಲು.

ಅಂಬುಲೆನ್ಸು ಯಾಕಷ್ಟು ಬೇಗ ಬಂತೆಂದು ಮೂರು ದಿನದಲ್ಲಿ ಯಾರೂ ಕೇಳಿರಲಿಲ್ಲ. ಬಂತಲ್ಲ ಸದ್ಯ ಎಂದು ಎಲ್ಲರೂ ಕೈ ಮುಗಿದಿದ್ದರು.

"ಗ್ರೇಥೆ," ಎಂದಳು ಬೋಡಿಲ್. ಅವಳಿಗೆ ಈ ಪ್ರಶ್ನೆ ಕೇಳಲು ಮನಸ್ಸಿರಲಿಲ್ಲ. "ನೀವು ಫೋನ್ ಮಾಡಿದಾಗ ಮೇಷ್ಟ್ರು ಇನ್ನೂ ದಿಬ್ಬದ ಮೇಲಿದ್ರು. ಚೆನ್ನಾಗೇ ಇದ್ರು. ಅವರು ಬೀಳ್ತಾರೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ತೋರ್ಕಿಲ್ ಒಮ್ಮೆ ಇವಳನ್ನು, ಒಮ್ಮೆ ಆಕೆಯನ್ನು ನೋಡಿದ. ಗ್ರೇಥೆ ಕಪ್ಪನ್ನು ಕೆಳಗಿಟ್ಟಳು. ಆಕೆಯ ಮುಖದಲ್ಲಿ ಬೋಡಿಲ್ ನಿರೀಕ್ಷಿಸಿದ ಭಯ ಇರಲಿಲ್ಲ. ಹೊರೆ ಇಳಿಸಿದವಳ ಉಸಿರಿತ್ತು.

"ನಿಮಗೆ ಪುಣ್ಯ ಬರ್ಲಿ," ಎಂದಳು. "ಮೂರು ದಿನದಿಂದ ಕಾಯ್ತಿದ್ದೆ, ಯಾರಾದ್ರೂ ಇದನ್ನ ಕೇಳ್ಲಿ ಅಂತ. ನಾನಾಗೇ ಹೇಳೋಕೆ ನಾಲಿಗೆ ಏಳ್ತಿರ್ಲಿಲ್ಲ."

"ಹೇಳಿ."

"ಹುದುಗಿನ ಕಾಲದಲ್ಲಿ ಆ ಫ್ಯಾನಿನ ಸದ್ದಲ್ಲೇ ನಾನು ಮಲಗೋದು. ಅವತ್ತು ಎಚ್ಚರ ಆದಾಗ ಸದ್ದಿರ್ಲಿಲ್ಲ. ಕಿಟಕಿಗೆ ಬಂದೆ. ಸ್ವಿಚ್ಚಿನ ಡಬ್ಬೀನ ಬಟ್ಟೇಲಿ ಒರೆಸ್ತಾ ಒಬ್ಬರು ನಿಂತಿದ್ರು. ಐನಾರ್ ಏಳೂವರೆಗೇ ಒಳಗೆ ಹೋಗ್ತೀನಿ ಅಂದಿದ್ರು ಹಿಂದಿನ ದಿನ. ಒಳಗೇ ಇದ್ದಾರೆ, ಬಿದ್ದುಹೋಗಿದ್ದಾರೆ ಅಂದ್ಕೊಂಡೆ. ಫೋನ್ ಮಾಡಿ ಓಡಿದೆ. ಮಹಡಿ ಬಾಗಿಲಿಗೆ ಹೊರಗಿಂದ ಚಿಲಕ ಹಾಕಿತ್ತು."

ಬೋಡಿಲ್ ‘ಚಿಲಕ, ಹೊರಗಿಂದ’ ಎಂದು ಬರೆದುಕೊಂಡಳು.

"ಬಾಗಿಲು ಬಡಿದೆ. ಮತ್ತೆ ಕಿಟಕಿಗೆ ಬಂದ್ರೆ ಐನಾರ್ ಅಂಗಳದಲ್ಲಿ ಬರ್ತಿದ್ದಾರೆ, ಶಿಳ್ಳೆ ಹಾಕ್ಕೊಂಡು. ಕೂಗಿದೆ. ಗಂಟಲು ಹರಿಯೋ ಹಾಗೆ ಕೂಗಿದೆ. ಶ್ರವಣಯಂತ್ರ ಹಾಕಿರ್ಲಿಲ್ಲ ಅವರು. ಮೇಲಿಂದ ಆ ಗಂಟೆ." ಆಕೆ ಕಣ್ಣು ಮುಚ್ಚಿದಳು. "ನನ್ನ ಕಣ್ಣೆದುರೇ ಮೆಟ್ಟಿಲು ಇಳಿದ್ರು. ಆಮೇಲೆ ಮತ್ತೆ ಬಾಗಿಲು ಬಡೀತಾನೇ ಇದ್ದೆ, ಹೊರಗೆ ಎಳೆದವರು ಯಾರು ಅಂತ ನೋಡ್ಲೇ ಇಲ್ಲ."

"ಯಾರು ಒರೆಸ್ತಿದ್ದದ್ದು, ಗ್ರೇಥೆ?"

"ನಂಗೆ ಒಂಬತ್ತು ವರ್ಷ ಇದ್ದಾಗ ಅಮ್ಮ ಸತ್ಲು. ಅಪ್ಪ ಕುಡುಕ. ನನ್ನ ಜಡೆ ಹೆಣೆದು, ಊಟ ಹಾಕಿ, ಶಾಲೆಗೆ ಕಳಿಸಿ ಸಾಕಿದವನು ಅವನು. ಆಗ ಅವನಿಗೆ ಹದಿನೇಳು. ನನ್ನ ಮದುವೆ ದಿನ ಚರ್ಚಲ್ಲಿ ಕೈ ಹಿಡಿದು ಕರ್ಕೊಂಡು ಬಂದವನು ಅವನೇ. ಆ ಉಪಕಾರ ಇದೆಯಲ್ಲ, ಅದೇ ನನ್ನ ಬಾಯಿ ಹೊಲಿದುಬಿಡ್ತು. ಅಂಬುಲೆನ್ಸ್ ಬಂದಾಗ ಚಿಲಕ ತೆಗೆದು, ಏನಾಯ್ತು ತಂಗೀ ಅಂತ ಕೇಳಿದ. ಏನೂ ಗೊತ್ತಿಲ್ಲದವನ ಹಾಗೆ. ಯಾಕೆ ಹೀಗೆ ಮಾಡಿದ ಅಂತ ನಂಗಿನ್ನೂ ಗೊತ್ತಿಲ್ಲ."

"ಹೋಲ್ಗರ್ ಈಗೆಲ್ಲಿದ್ದಾನೆ?"

"ನೀವು ಫೋನ್ ಮಾಡಿದಾಗ ಪಕ್ಕದಲ್ಲೇ ಇದ್ದ. ‘ನೀನು ಹೋಗಿ ತೋರ್ಕಿಲ್‌ಗೆ ಥ್ಯಾಂಕ್ಸ್ ಹೇಳಿ ಬಾ, ಐನಾರ್‌ಗೆ ಸೂಪು ನಾನು ಕೊಟ್ಟು ಬರ್ತೀನಿ’ ಅಂದ." ಹೇಳುತ್ತಾ ಹೇಳುತ್ತಾ ಗ್ರೇಥೆಯ ತುಟಿ ಬಿಳಿಚಿತು. "ಬೋಡಿಲ್, ಅಲ್ಲಿ ನರ್ಸುಗಳೆಲ್ಲ ಇರ್ತಾರೆ, ಏನೂ ಆಗಲ್ಲ ಅಲ್ವಾ? ಅಲ್ವಾ?"

ಬೋಡಿಲ್ ಆಗಲೇ ಆಸ್ಪತ್ರೆಯ ನಂಬರ್ ಒತ್ತಿ ಕಾರಿನ ಕಡೆ ಓಡುತ್ತಿದ್ದಳು. ನಾಲ್ಕನೇ ರಿಂಗಿಗೆ ನರ್ಸ್ ಎತ್ತಿದಳು.

"ಲಿಂಡ್‌ಹೋಲ್ಮ್ ಮೇಷ್ಟ್ರಾ? ಅವರ ಹೆಂಡತಿಯ ಅಣ್ಣ ಬಂದಿದ್ರಲ್ಲ, ಗಾಲಿಕುರ್ಚಿ ಇಸ್ಕೊಂಡು ಹೊರಗೆ ಗಾಳಿಗೆ ಅಂತ ಕರ್ಕೊಂಡು ಹೋದ್ರು. ಎಷ್ಟು ಪ್ರೀತಿ ಪಾಪ. ಆದ್ರೆ ಒಂದು ವಿಚಿತ್ರ. ಗಾಲಿಕುರ್ಚಿ ಇಲ್ಲೇ ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಖಾಲಿ ನಿಂತಿದೆಯಂತೆ. ಈಗಷ್ಟೇ ಕಾವಲಿನವರು ಫೋನ್ ಮಾಡಿದ್ರು."